ಕೆಜಿಎಫ್ ದಿಬ್ಬಗಳಿಂದ ಚಿನ್ನ: ಸಯನೈಡ್ ಇಲ್ಲದೆ ತೆಗೆಯಲು ಸಾಧ್ಯವೇ?

ಪ್ರಶ್ನೆ: ರಾಬರ್ಟ್‌ಸನ್‌ಪೇಟೆ ಓದುಗ

ಎಲ್ಲರಿಗೂ ನಮಸ್ಕಾರ. ಕೋಲಾರದ ಚಿನ್ನದ ಗಣಿಗಳಲ್ಲಿ ಕೆಲಸ ನಿಂತದ್ದು 2001ರ ಫೆಬ್ರುವರಿ 28ರಂದು. ಆದರೆ ಶತಮಾನಕ್ಕೂ ಹೆಚ್ಚು ಕಾಲ ಅದಿರನ್ನು ಅರೆದು, ಚಿನ್ನ ತೆಗೆದು ಹೊರಗೆ ಸುರಿದ ನುಣ್ಣನೆಯ ಮರಳು ಇಂದಿಗೂ 13 ದಿಬ್ಬಗಳಾಗಿ ಜನವಸತಿಯ ಪಕ್ಕದಲ್ಲೇ ನಿಂತಿದೆ. ಊರಿನವರ ಬಾಯಲ್ಲಿ ಅವು ಸಯನೈಡ್ ಗುಡ್ಡಗಳು. ಗಾಳಿ ಜೋರಾಗಿ ಬೀಸುವ ತಿಂಗಳುಗಳಲ್ಲಿ ಆ ದೂಳು ಕಿಟಕಿ ಮುಚ್ಚಿದರೂ ಅಡುಗೆಮನೆಯವರೆಗೆ ಬರುತ್ತದೆ.

ಈ ದಿಬ್ಬಗಳಲ್ಲಿರುವ ಸುಮಾರು 3.3 ಕೋಟಿ ಟನ್ ಮರಳಿನಲ್ಲಿ ಉಳಿದಿರುವ ಚಿನ್ನವನ್ನು ಮತ್ತೆ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟವು 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಕೆಲಸ ಸಿಗಬಹುದೆಂಬ ಆಸೆಯೂ ಇದೆ, ಮತ್ತೆ ಸಯನೈಡ್ ಬರುತ್ತದೆಯಲ್ಲ ಎಂಬ ಆತಂಕವೂ ಇದೆ. ಥಯೋಸಲ್ಫೇಟ್, ಗ್ಲೈಸೀನ್, ಮುಸುಕಿನ ಜೋಳದ ಪಿಷ್ಟ, ಈಜುಕೊಳದ ಸೋಂಕುನಿವಾರಕ ಎಂದು ಪತ್ರಿಕೆಗಳಲ್ಲಿ ಆಗಾಗ ಓದುತ್ತಿರುತ್ತೇನೆ. ಇವುಗಳಲ್ಲಿ ಯಾವುದು ನಿಜವಾಗಿ ಕಾರ್ಖಾನೆಯ ಮಟ್ಟದಲ್ಲಿ ನಡೆಯುತ್ತಿದೆ, ಯಾವುದು ಪ್ರಯೋಗಾಲಯದಲ್ಲೇ ಉಳಿದಿದೆ? ಸಾರ್ವಜನಿಕ ಅಹವಾಲು ಸಭೆ ನಡೆದರೆ ನಮ್ಮಂಥವರು "ಸಯನೈಡ್ ಬೇಡ" ಎಂದಷ್ಟೇ ಹೇಳಬೇಕೇ, ಅಥವಾ ಕೇಳಬೇಕಾದದ್ದು ಬೇರೆ ಏನಾದರೂ ಇದೆಯೇ? ವಿಷಯ ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ 1: ಅದಿರು ಸಂಸ್ಕರಣೆ

ಅದಿರು ಸಂಸ್ಕರಣೆಯೇ ನನ್ನ ವೃತ್ತಿಯಾಗಿತ್ತು, ಆದ್ದರಿಂದ ಸಯನೈಡನ್ನು ಬಿಡುವುದು ಏಕೆ ಇಷ್ಟು ಕಷ್ಟವಾಗಿದೆ ಎಂಬುದರಿಂದ ಆರಂಭಿಸುತ್ತೇನೆ. ಗ್ಲಾಸ್ಗೋದಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸೋದರರು 1887ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದರು. ನೀರಿಗೆ ಸುಣ್ಣ ಬೆರೆಸಿ ಪಿಎಚ್ ಮೌಲ್ಯವನ್ನು (ಆಮ್ಲ-ಕ್ಷಾರ ಗುಣದ ಅಳತೆ) 10ಕ್ಕಿಂತ ಮೇಲಿಟ್ಟು, ಅದರಲ್ಲಿ ಲೀಟರಿಗೆ ಅರ್ಧ ಗ್ರಾಮಿನಷ್ಟೋ ಅದಕ್ಕಿಂತ ಕಡಿಮೆಯೋ ಸೋಡಿಯಂ ಸಯನೈಡ್ ಕರಗಿಸಿ, ಗಾಳಿ ಊದುತ್ತ ಅರೆದ ಅದಿರನ್ನು ಕಲಕಿದರೆ, ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳೂ ಒಂದೆರಡು ದಿನಗಳೊಳಗೆ ಕರಗುತ್ತವೆ. ಕರಗಿದ ಚಿನ್ನವನ್ನು ಸಕ್ರಿಯಗೊಳಿಸಿದ ಇದ್ದಿಲು ಹೀರಿಕೊಳ್ಳುತ್ತದೆ. ಇಷ್ಟು ಕಡಿಮೆ ಪ್ರಮಾಣದಲ್ಲಿ, ಬಿಸಿ ಮಾಡದೆಯೇ, ಕಲ್ಲಿನಲ್ಲಿರುವ ಇತರ ಖನಿಜಗಳನ್ನು ಹೆಚ್ಚಾಗಿ ಮುಟ್ಟದೆ ಚಿನ್ನವನ್ನು ಮಾತ್ರ ಹಿಡಿಯುವ ಇನ್ನೊಂದು ಅಗ್ಗದ ರಾಸಾಯನಿಕ ನಮಗೆ ಇದುವರೆಗೆ ಸಿಕ್ಕಿಲ್ಲ. ಪಿಎಚ್ ಕೆಳಗಿಳಿದರೆ ಮಾತ್ರ ಹೈಡ್ರೋಜನ್ ಸಯನೈಡ್ ಅನಿಲ ಹೊರಡುತ್ತದೆ, ಅದು ಪ್ರಾಣಾಂತಿಕ.

ಪರ್ಯಾಯಗಳ ಪೈಕಿ ದೊಡ್ಡ ಕಾರ್ಖಾನೆಯಲ್ಲಿ ನಿಂತು ತೋರಿಸಿರುವುದು ಥಯೋಸಲ್ಫೇಟ್. ಅಮೆರಿಕದ ನೆವಾಡಾ ರಾಜ್ಯದ ಗೋಲ್ಡ್‌ಸ್ಟ್ರೈಕ್ ಗಣಿಯಲ್ಲಿ ಬ್ಯಾರಿಕ್ ಕಂಪನಿಯು ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ಜೊತೆ ಹಲವು ವರ್ಷ ಸಂಶೋಧನೆ ನಡೆಸಿ, 2014ರಲ್ಲಿ ಕ್ಯಾಲ್ಸಿಯಂ ಥಯೋಸಲ್ಫೇಟ್ ಬಳಸಿ ವಾಣಿಜ್ಯ ಮಟ್ಟದಲ್ಲಿ ಚಿನ್ನ ತೆಗೆಯಲು ಆರಂಭಿಸಿತು. ಇದು ಹಿಂದೆ ಫೋಟೋ ಸ್ಟುಡಿಯೋಗಳಲ್ಲಿ "ಹೈಪೋ" ಎಂದು ಬಳಸುತ್ತಿದ್ದ ಲವಣದ ಜಾತಿಗೆ ಸೇರಿದ್ದು. ಇದೇ ಕುಟುಂಬದ ಇನ್ನೊಂದು ಲವಣ ಗೊಬ್ಬರವಾಗಿಯೂ ಬಳಕೆಯಲ್ಲಿದೆ. ಆದರೆ ಅಲ್ಲಿ ಅದನ್ನು ಆರಿಸಿಕೊಂಡದ್ದಕ್ಕೆ ಪರಿಸರ ಕಾಳಜಿಯೊಂದೇ ಕಾರಣವಲ್ಲ ಎಂಬುದನ್ನು ಗಮನಿಸಬೇಕು. ಆ ಅದಿರಿನಲ್ಲಿರುವ ಸಹಜ ಇಂಗಾಲವು ಸಯನೈಡ್ ಕರಗಿಸಿದ ಚಿನ್ನವನ್ನು ದ್ರಾವಣದಿಂದ ಮತ್ತೆ ಕಸಿದುಕೊಳ್ಳುತ್ತಿತ್ತು. ಥಯೋಸಲ್ಫೇಟಿನಲ್ಲಿ ಕರಗಿದ ಚಿನ್ನವನ್ನು ಇಂಗಾಲ ಹಿಡಿಯುವುದಿಲ್ಲ, ಹೀಗಾಗಿ ಸಯನೈಡಿಗೆ ಒಗ್ಗದ ಅದಿರಿಗೆ ಅದು ಒಗ್ಗಿತು. ಅದೇ ಗುಣದ ಇನ್ನೊಂದು ಮುಖವೆಂದರೆ, ಇದ್ದಿಲಿನ ಬದಲಿಗೆ ದುಬಾರಿಯಾದ ರೆಸಿನ್ ಮಣಿಗಳು ಬೇಕಾಗುತ್ತವೆ, ಮತ್ತು ಥಯೋಸಲ್ಫೇಟ್ ತಾನೇ ವಿಭಜನೆಯಾಗುತ್ತ ಹೋಗುವುದರಿಂದ ಟನ್ ಅದಿರಿಗೆ ಹಲವು ಕಿಲೋಗ್ರಾಮ್ ಖರ್ಚಾಗುತ್ತದೆ. ಸಯನೈಡಾದರೆ ಸಾಮಾನ್ಯ ಅದಿರಿಗೆ ಒಂದು ಕಿಲೋಗ್ರಾಮಿನೊಳಗೆ ಮುಗಿಯುತ್ತದೆ.

ಈಗ ಕೆಜಿಎಫ್ ದಿಬ್ಬಗಳಿಗೆ ಬರೋಣ. ಅಲ್ಲಿಯ ಚಾಂಪಿಯನ್ ರೀಫ್ ಎಂಬ ಚಿನ್ನದ ಪದರ ಮುಖ್ಯವಾಗಿ ಬೆಣಚುಕಲ್ಲಿನದು, ದಶಕಗಳ ಕಾಲ ಸಯನೈಡಿಗೆ ಚೆನ್ನಾಗಿ ಒಗ್ಗಿದ ಅದಿರು. ದಿಬ್ಬದಲ್ಲಿ ಉಳಿದಿರುವುದು ಟನ್ನಿಗೆ ಒಂದು ಗ್ರಾಮಿಗಿಂತಲೂ ಕಡಿಮೆ ಚಿನ್ನ. ಇಷ್ಟು ಬಡ ಮರಳಿನ ಮೇಲೆ ಟನ್ನಿಗೆ ನೂರಿನ್ನೂರು ರೂಪಾಯಿ ಹೆಚ್ಚು ಖರ್ಚು ಬಿದ್ದರೂ ಲೆಕ್ಕ ತಲೆಕೆಳಗಾಗುತ್ತದೆ. ಆದ್ದರಿಂದ ಗುತ್ತಿಗೆ ಪಡೆಯುವವರು ಯಾರೇ ಆಗಲಿ, ಮೊದಲು ಮುಂದಿಡುವುದು ಸಯನೈಡ್ ಯೋಜನೆಯನ್ನೇ ಎಂಬುದು ನನ್ನ ಅಂದಾಜು.

ಉತ್ತರ 2: ರಸಾಯನಶಾಸ್ತ್ರ ಅಧ್ಯಾಪಕಿ

ಮೇಲಿನವರು ಹೇಳಿದ್ದನ್ನು ಒಪ್ಪುತ್ತ, ಪತ್ರಿಕೆಗಳಲ್ಲಿ ಬರುವ ಸುದ್ದಿಗಳ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಜೋಳದ ಪಿಷ್ಟದ ಸುದ್ದಿ 2013ರದು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಫ್ರೇಸರ್ ಸ್ಟಾಡರ್ಟ್ (ಮುಂದೆ 2016ರಲ್ಲಿ ನೊಬೆಲ್ ಪಡೆದವರು) ಅವರ ತಂಡವು ಪಿಷ್ಟದಿಂದ ತಯಾರಾಗುವ ಆಲ್ಫಾ-ಸೈಕ್ಲೋಡೆಕ್ಸ್‌ಟ್ರಿನ್ ಎಂಬ ಉಂಗುರಾಕಾರದ ಸಕ್ಕರೆಯು ದ್ರಾವಣದಲ್ಲಿರುವ ಚಿನ್ನದ ಲವಣವನ್ನು ಸೂಜಿಯಂಥ ಹರಳುಗಳಾಗಿ ಕೆಳಗಿಳಿಸುತ್ತದೆ ಎಂದು ಕಂಡುಕೊಂಡಿತು. ಸುದ್ದಿಗಳಲ್ಲಿ ಬಿಟ್ಟುಹೋದ ಅಂಶವೆಂದರೆ, ಪಿಷ್ಟವು ಚಿನ್ನವನ್ನು ಕಲ್ಲಿನಿಂದ ಕರಗಿಸುವುದಿಲ್ಲ. ಬ್ರೋಮಿನ್ ಸಂಯುಕ್ತಗಳಿಂದ ಮೊದಲೇ ಕರಗಿಸಿಟ್ಟ ಚಿನ್ನವನ್ನು ಅದು ಬೇರ್ಪಡಿಸುತ್ತದೆ ಅಷ್ಟೆ. ಈಜುಕೊಳದ ಸೋಂಕುನಿವಾರಕದ ಸುದ್ದಿ 2025ರದು, ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದ್ದು. ಟ್ರೈಕ್ಲೋರೋಐಸೋಸಯನ್ಯೂರಿಕ್ ಆಮ್ಲವನ್ನು ಉಪ್ಪುನೀರಿನೊಂದಿಗೆ ಬಳಸಿ ಚಿನ್ನ ಕರಗಿಸಿ, ಗಂಧಕ ಹೆಚ್ಚಿರುವ ಪಾಲಿಮರಿನಿಂದ ಅದನ್ನು ಹಿಡಿಯುವ ವಿಧಾನ ಅದು. ಹಳೆಯ ಕಂಪ್ಯೂಟರ್ ಬೋರ್ಡುಗಳಂಥ ಇ-ತ್ಯಾಜ್ಯಕ್ಕೆ ಇದು ಬಹಳ ಆಶಾದಾಯಕವಾಗಿದೆ. ಏಕೆಂದರೆ ಅಲ್ಲಿ ಚಿನ್ನದ ಸಾಂದ್ರತೆ ಹೆಚ್ಚು, ಸಂಸ್ಕರಿಸಬೇಕಾದ ಪ್ರಮಾಣ ಕಡಿಮೆ. ಕೋಟಿಗಟ್ಟಲೆ ಟನ್ ಮರಳಿನ ಪ್ರಶ್ನೆ ಬೇರೆ.

ಕ್ಲೋರಿನ್ನಿನಿಂದ ಚಿನ್ನ ಕರಗಿಸುವುದು ಹೊಸದೇನೂ ಅಲ್ಲ. ಸಯನೈಡ್ ಬರುವ ಮೊದಲೇ ಆಸ್ಟ್ರೇಲಿಯಾದ ಮೌಂಟ್ ಮಾರ್ಗನ್ ಗಣಿಯಂಥ ಕಡೆ ಅದು ಚಾಲ್ತಿಯಲ್ಲಿತ್ತು. ಥಯೋಯೂರಿಯಾ ಕೂಡ ಚಿನ್ನವನ್ನು ಬೇಗ ಕರಗಿಸುತ್ತದೆ, ಆದರೆ ಅದಕ್ಕೆ ಆಮ್ಲೀಯ ಮಾಧ್ಯಮ ಬೇಕು ಮತ್ತು ಅದು ಕ್ಯಾನ್ಸರ್‌ಕಾರಕವೆಂಬ ಶಂಕೆ ಇದೆ. ಇದನ್ನೂ "ಹಸಿರು" ಪಟ್ಟಿಯಲ್ಲಿ ಸೇರಿಸುವವರನ್ನು ಕಂಡರೆ ನನಗೆ ಆಶ್ಚರ್ಯವಾಗುತ್ತದೆ.

ನನ್ನ ದೃಷ್ಟಿಯಲ್ಲಿ ಕೆಜಿಎಫ್‌ಗೆ ಪರೀಕ್ಷಿಸಿ ನೋಡಲೇಬೇಕಾದದ್ದು ಗ್ಲೈಸೀನ್. ಇದು ನಮ್ಮ ದೇಹದ ಪ್ರೋಟೀನುಗಳಲ್ಲೇ ಇರುವ ಅತ್ಯಂತ ಸರಳ ಅಮೈನೋ ಆಮ್ಲ. ಪರ್ತ್ ನಗರದ ಕರ್ಟಿನ್ ವಿಶ್ವವಿದ್ಯಾಲಯದವರು ಇದನ್ನು ಕ್ಷಾರೀಯ ಮಾಧ್ಯಮದಲ್ಲಿ ಬಳಸುವ ವಿಧಾನವನ್ನು ಬೆಳೆಸಿದ್ದಾರೆ. ಒಂಟಿಯಾಗಿ ಬಳಸಿದರೆ ಚಿನ್ನ ಕರಗುವುದು ನಿಧಾನ. ದ್ರಾವಣವನ್ನು ಬಿಸಿ ಮಾಡಬೇಕು ಇಲ್ಲವೇ ಪ್ರಬಲ ಆಕ್ಸಿಡೀಕಾರಕ ಸೇರಿಸಬೇಕು. ಆದರೆ ಸ್ವಲ್ಪ ಸಯನೈಡಿನ ಜೊತೆ ಸೇರಿಸಿದರೆ, ವಿಶೇಷವಾಗಿ ತಾಮ್ರವಿರುವ ಅದಿರಿನಲ್ಲಿ, ಸಯನೈಡಿನ ಬಳಕೆ ಗಣನೀಯವಾಗಿ ತಗ್ಗುತ್ತದೆ, ಏಕೆಂದರೆ ವ್ಯರ್ಥವಾಗಿ ಸಯನೈಡ್ ನುಂಗುವ ತಾಮ್ರವನ್ನು ಗ್ಲೈಸೀನ್ ತಾನು ಹಿಡಿದುಕೊಳ್ಳುತ್ತದೆ. ದಿಬ್ಬಗಳ ಮರಳಿನಲ್ಲಿ ತಾಮ್ರ ಎಷ್ಟಿದೆ ಎಂಬುದರ ಮೇಲೆ ಲಾಭ ನಿಲ್ಲುತ್ತದೆ, ಅದನ್ನು ಮಾದರಿ ತೆಗೆದು ಅಳೆಯುವುದು ಕಷ್ಟವಲ್ಲ.

ಉತ್ತರ 3: ಲಿಂಗಸುಗೂರು ಕಡೆಯವ

ನಾನು ಹಟ್ಟಿ ಚಿನ್ನದ ಗಣಿಯ ಹತ್ತಿರದವನು. ಚರ್ಚೆಯೆಲ್ಲ ಚಿನ್ನ ಕರಗಿಸುವ ದ್ರಾವಣದ ಸುತ್ತಲೇ ತಿರುಗುತ್ತಿದೆ. ನಮ್ಮ ಭಾಗದ ಅನುಭವವನ್ನು ನೋಡಿದರೆ ಕಲ್ಲಿನೊಳಗೇ ಇರುವ ವಿಷವನ್ನು ಮರೆಯುವಂತಿಲ್ಲ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಜನರಿಗೆ ಆರ್ಸೆನಿಕ್‌ನಿಂದ ಚರ್ಮರೋಗಗಳು ಬಂದದ್ದು ವೈಜ್ಞಾನಿಕವಾಗಿ ದಾಖಲಾಗಿದೆ. ಅದು ಮಂಗಳೂರು ಹಸಿರುಶಿಲಾ ಪಟ್ಟಿ ಎಂಬ ಪ್ರಾಚೀನ ಶಿಲಾವಲಯದ ಹಳೆಯ ಚಿನ್ನದ ಗಣಿ ಪ್ರದೇಶ (ಕರಾವಳಿಯ ಮಂಗಳೂರಲ್ಲ, ನಮ್ಮ ಕಡೆಯ ಹಳ್ಳಿ). ಚಿನ್ನದ ಜೊತೆಗೆ ಆರ್ಸೆನೋಪೈರೈಟ್ ಎಂಬ ಖನಿಜ ಇರುವ ಕಡೆಯೆಲ್ಲ, ಕಲ್ಲನ್ನು ಅರೆದು ಗಾಳಿ ನೀರಿಗೆ ಒಡ್ಡಿದಾಗ ಆರ್ಸೆನಿಕ್ ಬಿಡುಗಡೆಯಾಗುವ ಸಂಭವವಿದೆ. ಸಯನೈಡಿನ ಬದಲು ಗ್ಲೈಸೀನ್ ಹಾಕಿದ ಮಾತ್ರಕ್ಕೆ ಆರ್ಸೆನಿಕ್ ಮಾಯವಾಗುವುದಿಲ್ಲ. ಸಯನೈಡಾದರೂ ಬಿಸಿಲಿಗೆ, ಸೂಕ್ಷ್ಮಜೀವಿಗಳಿಗೆ ಸಿಕ್ಕಿ ಕಾಲಕ್ರಮೇಣ ಒಡೆದುಹೋಗುತ್ತದೆ, ಆರ್ಸೆನಿಕ್ ಒಡೆಯುವ ವಸ್ತುವೇ ಅಲ್ಲ.

ಪಾದರಸದ ಮಾತನ್ನೂ ಯಾರೂ ಎತ್ತಿಲ್ಲ. ಕೆಜಿಎಫ್‌ನಲ್ಲಿ ಆರಂಭದ ಕಾಲದಲ್ಲಿ ಅದಿರನ್ನು ಕುಟ್ಟಿ ಪಾದರಸ ಲೇಪಿಸಿದ ತಗಡುಗಳ ಮೇಲೆ ಹರಿಸಿಯೇ ಚಿನ್ನ ಹಿಡಿಯುತ್ತಿದ್ದರಲ್ಲವೇ? ಅದು ದಿಬ್ಬಗಳಲ್ಲಿ ಉಳಿದಿರುವುದಿಲ್ಲವೇ? ಸಣ್ಣ ಗಣಿಗಾರರ ಮಟ್ಟದಲ್ಲಿ ಪಾದರಸಕ್ಕೆ ಪರ್ಯಾಯವಂತೂ ಬಹಳ ಹಿಂದೆಯೇ ಸಿಕ್ಕಿದೆ. ಫಿಲಿಪೀನ್ಸಿನ ಬೆಂಗೆಟ್ ಪ್ರಾಂತದಲ್ಲಿ ಮರಳನ್ನು ಚೆನ್ನಾಗಿ ಜಾಲಿಸಿ, ಚಿನ್ನ ದಟ್ಟವಾಗಿರುವ ಗಷ್ಟಿಗೆ ಬಿಳಿಗಾರ ಬೆರೆಸಿ ಮೂಸೆಯಲ್ಲಿ ಕರಗಿಸುತ್ತಾರೆ. ಕಲ್ಮಷ ಗಾಜಿನಂತೆ ಮೇಲೆ ನಿಂತು ಚಿನ್ನ ತಳದಲ್ಲಿ ಉಳಿಯುತ್ತದೆ. ನಮ್ಮ ಅಕ್ಕಸಾಲಿಗರಿಗೆ ಬಿಳಿಗಾರ ಗೊತ್ತಿರುವ ವಸ್ತುವೇ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಬಿಳಿಗಾರದ ವಿಧಾನವನ್ನು ದಿಬ್ಬಗಳಿಗೆ ಬಳಸಲಾಗದೇ? ಮತ್ತೊಂದು ಸಂಶಯ: ಇಷ್ಟೆಲ್ಲ ಅಪಾಯವಿರುವುದಾದರೆ ಗುಡ್ಡಗಳನ್ನು ಮುಟ್ಟದೆ, ಮೇಲೆ ಮಣ್ಣು ಹೊದಿಸಿ ಗಿಡ ನೆಟ್ಟು ಬಿಟ್ಟುಬಿಡುವುದೇ ಒಳ್ಳೆಯದಲ್ಲವೇ?

ಉತ್ತರ 4: ಅದಿರು ಸಂಸ್ಕರಣೆ

ಬಿಳಿಗಾರ ಇಲ್ಲಿ ನಡೆಯುವುದಿಲ್ಲ ಸರ್. ಜಾಲಿಸಿದರೆ ಬೇರ್ಪಡುವಷ್ಟು ದಪ್ಪ ಕಣಗಳು ದಿಬ್ಬಕ್ಕೆ ಬರುವ ಮೊದಲೇ ಹೋಗಿವೆ. ಉಳಿದಿರುವುದು ಅತಿ ಸೂಕ್ಷ್ಮ ಕಣಗಳು ಮತ್ತು ಕಲ್ಲಿನ ಹರಳಿನೊಳಗೆ ಸಿಕ್ಕಿಕೊಂಡ ಕಣಗಳು.

ಪಾದರಸದ ಬಗ್ಗೆ ಲಿಂಗಸುಗೂರಿನವರು ಕೇಳಿದ್ದು ಬಹಳ ಮುಖ್ಯವಾದ ಪ್ರಶ್ನೆ. ಸಯನೈಡ್ ಚಿನ್ನವನ್ನಷ್ಟೇ ಅಲ್ಲ, ಪಾದರಸವನ್ನೂ ಕರಗಿಸುತ್ತದೆ. ಅದು ಚಿನ್ನದ ಜೊತೆಗೇ ಇದ್ದಿಲಿಗೆ ಅಂಟಿ, ಮುಂದೆ ಇದ್ದಿಲನ್ನು ಕಾಯಿಸುವ ಗೂಡಿನಲ್ಲಿ ಮತ್ತು ಚಿನ್ನ ಕರಗಿಸುವ ಕುಲುಮೆಯಲ್ಲಿ ಆವಿಯಾಗಿ ಹೊರಬರಬಹುದು. ಆದ್ದರಿಂದ ಹಳೆಯ ದಿಬ್ಬಗಳ ಮಾದರಿಯಲ್ಲಿ ಪಾದರಸವನ್ನು ಅಳೆಯದೆ ಕಾರ್ಖಾನೆಯ ನಕ್ಷೆ ಬರೆಯಬಾರದು, ಇದ್ದರೆ ಆ ಆವಿಯನ್ನು ತಂಪಾಗಿಸಿ ಹಿಡಿಯುವ ವ್ಯವಸ್ಥೆ ಮೊದಲೇ ಇರಬೇಕು.

ಮುಟ್ಟದೆ ಬಿಡುವ ವಿಚಾರಕ್ಕೆ ಬಂದರೆ, ದಿಬ್ಬಗಳು ಈಗಿರುವಂತೆಯೇ ಇರುವುದೂ ನಿರಪಾಯವಲ್ಲ. ಇಷ್ಟು ವರ್ಷಗಳಲ್ಲಿ ಅಲ್ಲಿಯ ಸಯನೈಡ್ ಬಹುಪಾಲು ಒಡೆದುಹೋಗಿರಬೇಕು, ಆದರೆ ಸಿಲಿಕಾ ದೂಳು ಹಾಗೆಯೇ ಇದೆ. ಗಿಡ ನೆಟ್ಟರೂ ಪೋಷಕಾಂಶವಿಲ್ಲದ ಆ ಮರಳಿನಲ್ಲಿ ಬೇರೂರುವುದು ಕಷ್ಟ. ಚೆನ್ನಾಗಿ ನಡೆಸಿದ ಮರುಸಂಸ್ಕರಣೆಯು ಮರಳನ್ನು ವಸತಿಯಿಂದ ದೂರಕ್ಕೆ ಸಾಗಿಸಿ ಭದ್ರವಾಗಿ ಇಡುವ ಅವಕಾಶವನ್ನೂ ಕೊಡುತ್ತದೆ.

ಆದರೆ "ಚೆನ್ನಾಗಿ ನಡೆಸಿದ" ಎಂಬಲ್ಲೇ ಎಲ್ಲವೂ ಇದೆ. ರೊಮೇನಿಯಾದ ಬಾಯಾ ಮಾರೆಯಲ್ಲಿ 2000ದ ಜನವರಿ 30ರಂದು ಒಡೆದ ಕಟ್ಟೆಯು ಹೊಸದಾಗಿ ಅಗೆದ ಗಣಿಯದಾಗಿರಲಿಲ್ಲ. ಊರಿನ ಪಕ್ಕದ ಹಳೆಯ ತ್ಯಾಜ್ಯದಿಂದ ಚಿನ್ನ ತೆಗೆಯುತ್ತಲೇ ಅದನ್ನು ದೂರಕ್ಕೆ ಸಾಗಿಸುವ, ಅಂದರೆ ಹೆಚ್ಚೂಕಡಿಮೆ ಕೆಜಿಎಫ್‌ನಂಥದೇ ಯೋಜನೆ ಅದು. ಆರಂಭವಾಗಿ ಒಂದು ವರ್ಷವೂ ಆಗಿರಲಿಲ್ಲ. ಮಳೆ ಮತ್ತು ಹಿಮ ಕರಗಿದ ನೀರು ಸೇರಿ ಕಟ್ಟೆ ತುಂಬಿ ಒಡೆದಾಗ ಸುಮಾರು 1 ಲಕ್ಷ ಘನ ಮೀಟರ್ ಸಯನೈಡ್ ನೀರು ಸೊಮೆಷ್, ಟಿಸ್ಸಾ ನದಿಗಳ ಮೂಲಕ ಡ್ಯಾನ್ಯೂಬ್ ತಲುಪಿತು, ಹಂಗೆರಿಯಲ್ಲಿ ಮೀನುಗಳು ಟನ್ನುಗಟ್ಟಲೆ ಸತ್ತವು. ತ್ಯಾಜ್ಯದ ನೀರನ್ನು ಕಟ್ಟೆಗೆ ಬಿಡುವ ಮೊದಲು ಅದರಲ್ಲಿದ್ದ ಸಯನೈಡನ್ನು ನಾಶಪಡಿಸುವ ಘಟಕ ಅಲ್ಲಿರಲಿಲ್ಲ. ಗಂಧಕದ ಡೈಆಕ್ಸೈಡ್ ಮತ್ತು ಗಾಳಿಯಿಂದ ಸಯನೈಡನ್ನು ಹೆಚ್ಚು ನಿರುಪದ್ರವಿಯಾದ ಸಯನೇಟ್ ಆಗಿ ಬದಲಿಸುವ ವಿಧಾನವು 1980ರ ದಶಕದಿಂದಲೇ ಬಳಕೆಯಲ್ಲಿತ್ತು.

ಆದ್ದರಿಂದ ಅಹವಾಲು ಸಭೆಯಲ್ಲಿ "ಸಯನೈಡ್ ಬೇಡ" ಎಂದಷ್ಟೇ ಹೇಳಿದರೆ, ಇನ್ನೊಂದು ರಾಸಾಯನಿಕದ ಹೆಸರು ಹೇಳಿ ನಿಮ್ಮನ್ನು ಸಮಾಧಾನಪಡಿಸುವುದು ಸುಲಭ. ತೊಟ್ಟಿಯೊಳಗೆ ಏನಿದೆ ಎನ್ನುವುದಕ್ಕಿಂತ ಕಾರ್ಖಾನೆಯ ಬೇಲಿ ದಾಟಿ ಏನು ಹೊರಬರುತ್ತದೆ ಎಂದು ಕೇಳಿ. ಗ್ಲೈಸೀನ್ ಬೆರೆಸಿದ ಪರೀಕ್ಷೆಗಳನ್ನು ದಿಬ್ಬದ ಮರಳಿನ ಮೇಲೆಯೇ ಮಾಡಿ ಫಲಿತಾಂಶ ಪ್ರಕಟಿಸಲು ಒತ್ತಾಯಿಸಿ. ಸಯನೈಡೇ ಆದರೆ, ನಾಶಕ ಘಟಕವಿಲ್ಲದೆ ಒಂದು ದಿನವೂ ನಡೆಸಬಾರದೆಂಬ ಷರತ್ತು ಹಾಕಿಸಿ. ಕೆಸರನ್ನು ಕಟ್ಟೆ ಕಟ್ಟಿ ನಿಲ್ಲಿಸುವ ಬದಲು ಯಂತ್ರದಲ್ಲಿ ಹಿಂಡಿ ನೀರು ತೆಗೆದು, ಆ ನೀರನ್ನು ಮರುಬಳಕೆ ಮಾಡಿ, ಒಣ ಮರಳನ್ನು ಅಡಕವಾಗಿ ಪೇರಿಸುವಂತೆ ಕೇಳಿ. ಒಡೆಯಲು ಕಟ್ಟೆಯೇ ಇಲ್ಲದಿದ್ದರೆ ಅರ್ಧ ಭಯ ಕಳೆದಂತೆ. ಹೊರಬಿಡುವ ನೀರಿನಲ್ಲಿ ಸಯನೈಡ್ ಲೀಟರಿಗೆ 0.2 ಮಿಲಿಗ್ರಾಮ್ ಮೀರಬಾರದೆಂಬ ಮಿತಿ ನಮ್ಮ ದೇಶದಲ್ಲಿ ಈಗಾಗಲೇ ಇದೆ, ಆದರೆ ಅಳೆಯುವವರು ಯಾರು, ಅಂಕಿಗಳು ಜನರಿಗೆ ಪ್ರತಿ ತಿಂಗಳು ಸಿಗುತ್ತವೆಯೇ ಎಂಬುದು ಬರವಣಿಗೆಯಲ್ಲಿ ಇರಬೇಕು.

ಉತ್ತರ 5: ರಸಾಯನಶಾಸ್ತ್ರ ಅಧ್ಯಾಪಕಿ

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಕೆಲಸ ಆರಂಭವಾಗುವ ಮೊದಲೇ ದಿಬ್ಬಗಳ ಸುತ್ತಲಿನ ಕೊಳವೆಬಾವಿಗಳ ನೀರನ್ನು ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಸಯನೈಡ್, ಆರ್ಸೆನಿಕ್ ಮತ್ತು ಪಾದರಸಕ್ಕಾಗಿ ಪರೀಕ್ಷಿಸಿ ವರದಿಗಳನ್ನು ನಗರಸಭೆಯಲ್ಲಿಯೂ ನಿಮ್ಮ ಬಳಿಯೂ ಇಟ್ಟುಕೊಳ್ಳಿ. ಈ ಭಾಗದ ನೀರು ಪಾಲಾರ್ ಜಲಾನಯನಕ್ಕೆ ಸೇರುವುದರಿಂದ ಕೆಳಗಿನ ಹಳ್ಳಿಗಳವರನ್ನೂ ಜೊತೆಗೆ ಕರೆದುಕೊಳ್ಳುವುದು ಒಳ್ಳೆಯದು. ಆರಂಭದ ಅಂಕಿಗಳಿಲ್ಲದಿದ್ದರೆ, ಮುಂದೆ ಏನೇ ಕಂಡುಬಂದರೂ "ಅದು ಹಳೆಯ ಕಾಲದ್ದು" ಎಂದು ಹೇಳಿಬಿಡಬಹುದು.