ಪದಚರ್ಚೆ: ‘ಲೈಂಗಿಕ ಕಾರ್ಯಕರ್ತೆ’ಗೆ ಬೇರೆ ಪದ ಬೇಕು, ನಾಳೆ ಬ್ಯಾನರ್ ಅಚ್ಚಿಗೆ

ಅನುವಾದಕಿ:

ಎಲ್ಲರಿಗೂ ನಮಸ್ಕಾರ. ಕಾನೂನು ಅರಿವು ಶಿಬಿರವೊಂದರ ಬ್ಯಾನರ್ ಮತ್ತು ಕೈಪಿಡಿಯನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಬ್ಯಾನರ್ ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗುತ್ತದೆ, ಕೈಪಿಡಿಗೆ ಇನ್ನೊಂದು ವಾರವಿದೆ. ಸದ್ಯಕ್ಕೆ ಬರೆದಿಟ್ಟಿರುವುದು: ‘ಲೈಂಗಿಕ ಕಾರ್ಯಕರ್ತೆಯರ ಕಾನೂನು ಹಕ್ಕುಗಳು ಹಾಗೂ ಸಾಮಾಜಿಕ ಪುನರ್ವಸತಿ’. ಪತ್ರಿಕೆಗಳಲ್ಲಿ ಇದೇ ರೂಢಿ ಎಂಬುದು ಗೊತ್ತು. ಆದರೂ ಓದಿದಾಗಲೆಲ್ಲ ಅನ್ನದಲ್ಲಿ ಕಲ್ಲು ಸಿಕ್ಕಂತಾಗುತ್ತದೆ. ನಮ್ಮ ಕಚೇರಿಯ ಹುಡುಗನೊಬ್ಬ ‘ಯಾವ ಪಕ್ಷದ ಕಾರ್ಯಕರ್ತೆಯರು ಮೇಡಂ?’ ಎಂದು ಕೇಳಿದ, ತಮಾಷೆಗಲ್ಲ. ಸರ್ಕಾರಿ ಕಾಗದಗಳಲ್ಲಿ ‘ದಮನಿತ ಮಹಿಳೆಯರು’ ಎಂದಿದೆ. ಅದನ್ನೇ ಹಾಕಲೇ? ‘ವೇಶ್ಯೆ’ಯನ್ನು ಮಾತ್ರ ಹಾಕಲಾರೆ. ಶಿಬಿರ ನಡೆಯುವುದು ಬಾಗಲಕೋಟೆ ಜಿಲ್ಲೆಯಲ್ಲಿ. ದಯವಿಟ್ಟು ಬೇಗ ಹೇಳಿ.

ಅಚ್ಚಗನ್ನಡಿಗ:

ಮೊದಲು ‘ಲೈಂಗಿಕ’ವನ್ನು ಕಿತ್ತು ಹಾಕಿ. ಕನ್ನಡಿಗನಿಗೆ ಲಿಂಗ ಎಂದರೆ ಗುಡಿಯಲ್ಲಿರುವುದು, ಇಲ್ಲವೇ ಕೊರಳಲ್ಲಿರುವುದು, ಅದೂ ಇಲ್ಲವೆಂದರೆ ವ್ಯಾಕರಣದಲ್ಲಿರುವುದು. ಅದಕ್ಕೆ ‘ಇಕ’ ಸೇರಿಸಿ ಮಾಡಿದ ಗುಣವಾಚಕ ನಮ್ಮ ಬಾಯಿಯದಲ್ಲ. ನಮ್ಮಲ್ಲಿ ‘ಸೂಳೆ’ ಇದೆ. ಹಳಗನ್ನಡದ ‘ಸೂಳ್’ ಎಂದರೆ ಸರದಿ, ಬಾರಿ. ಸರದಿಯವಳು ಸೂಳೆ, ಇಷ್ಟೇ. ಬೈಗುಳ ಆಮೇಲೆ ಅಂಟಿದ ಕೊಳೆ. ಅದು ಬೇಡವೆಂದರೆ ‘ಮೈಮಾರುಗೆ’ ಎಂದು ಮಾಡಿಕೊಳ್ಳಬಹುದು. ‘ಒತ್ತೆ’, ಅಂದರೆ ಗಿರಾಕಿ ಕೊಡುವ ಹಣ, ಎಂಬ ಪದವೂ ಇದೆ, ಹನ್ನೆರಡನೆಯ ಶತಮಾನದ ಶರಣೆ ಸೂಳೆ ಸಂಕವ್ವೆಯ ವಚನದಲ್ಲಿಯೇ ಸಿಗುತ್ತದೆ. ಹಾಗಾಗಿ ‘ಒತ್ತೆಗಾರ್ತಿ’. ಮೂರು ಪದ ಕೊಟ್ಟಿದ್ದೇನೆ, ಆರಿಸಿಕೊಳ್ಳಿ.

ಶಾಸನಪ್ರಿಯ:

‘ಒತ್ತೆಗಾರ್ತಿಯರ ಶಿಬಿರ’ ಎಂದು ಬ್ಯಾನರ್ ಕಟ್ಟಿದರೆ ಯಾರೋ ಒತ್ತೆಯಾಳುಗಳನ್ನು ಕೂಡಿಹಾಕಿದ್ದಾರೆಂದು ಪೊಲೀಸರು ಬಂದಾರು. ಬೇಡ.

‘ಸೂಳ್’ನಿಂದ ‘ಸೂಳೆ’ ಎಂಬ ವ್ಯುತ್ಪತ್ತಿಯನ್ನು ಈ ಗುಂಪಿನಲ್ಲಿ ಎಷ್ಟನೆಯ ಸಲ ಓದುತ್ತಿದ್ದೇನೋ. ಕಿವಿಗೆ ಹಿತವಾಗಿದೆ ಎಂಬುದೊಂದೇ ಆಧಾರ. ಸಂಸ್ಕೃತ ನಿಘಂಟುಗಳಲ್ಲಿ ಇದೇ ಅರ್ಥದ ‘ಶೂಲಾ’ ಕೂಡ ಇದೆ. ಯಾರಿಂದ ಯಾರು ತಂದರು ಎಂಬುದನ್ನು ಮೊದಲು ತೋರಿಸಿ, ಆಮೇಲೆ ಸರದಿಯ ಮಾತು.

ಕೊಳೆಯ ವಿಷಯದಲ್ಲಿ ಮಾತ್ರ ಅವರ ಮಾತು ಒಪ್ಪುತ್ತೇನೆ. ಮಹಾಕೂಟದ ಶಾಸನದಲ್ಲಿ ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿಯನ್ನು ‘ಸೂಳೆಯರ್’ ಎಂದು ಬಹುವಚನದ ಗೌರವದಲ್ಲಿಯೇ ಕರೆದಿದೆ. ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಕೊಟ್ಟವಳು. ಆ ಪದ ಅವಮಾನವಾಗಿದ್ದರೆ ಕಲ್ಲಿನಲ್ಲಿ ಕೊರೆಸುತ್ತಿರಲಿಲ್ಲ. ಚನ್ನಗಿರಿಯ ಸೂಳೆಕೆರೆಗೆ ಈಗ ಶಾಂತಿಸಾಗರ ಎಂಬ ಹೆಸರಿದೆ. ಕೆರೆಗೆ ನಾಚಿಕೆಯಾಯಿತೋ ನಮಗೋ ತಿಳಿಯದು. ಆದರೆ ಎಂಟನೆಯ ಶತಮಾನದ ಗೌರವವನ್ನು ನಾಳೆಯ ಬ್ಯಾನರಿಗೆ ಹೊಲಿಯಲು ಬರುವುದಿಲ್ಲ.

ಕರಿಕೋಟು:

ನಾನು ವಕೀಲ, ಭಾಷಾತಜ್ಞನಲ್ಲ, ಆದ್ದರಿಂದ ಬೈಸಿಕೊಳ್ಳಲು ಸಿದ್ಧನಾಗಿಯೇ ಬರೆಯುತ್ತಿದ್ದೇನೆ.

‘ಮೈಮಾರುಗೆ’ ಕಾನೂನಿನ ಕಣ್ಣಿನಲ್ಲಿಯೂ ತಪ್ಪು. ಇಲ್ಲಿ ಮೈಯನ್ನು ಯಾರೂ ಮಾರುವುದಿಲ್ಲ. ಮನುಷ್ಯರನ್ನು ಮಾರಿದರೆ ಅದು ಮಾನವ ಕಳ್ಳಸಾಗಣೆ, ಬೇರೆಯದೇ ಅಪರಾಧ. ಈ ಎರಡನ್ನು ಬೆರೆಸಬೇಡಿ ಎಂದು ನ್ಯಾಯಾಲಯದಲ್ಲಿ ವಾದಿಸುತ್ತಿರುವಾಗ ಕನ್ನಡದಲ್ಲಿಯೇ ಬೆರೆಸಿಕೊಟ್ಟರೆ ಹೇಗೆ?

ಎಲ್ಲಕ್ಕಿಂತ ಹೆಚ್ಚು ಕೆಡುಕು ಮಾಡಿರುವ ಪದವನ್ನು ಇಲ್ಲಿ ಯಾರೂ ಮುಟ್ಟಲಿಲ್ಲ: ‘ವೇಶ್ಯಾವಾಟಿಕೆ’. ವಾಟಿಕೆ ಎಂದರೆ ಆವರಣ, ತೋಟ, ಸುತ್ತಲೂ ಬೇಲಿಯಿರುವ ಜಾಗ. ಅಶೋಕವಾಟಿಕೆಯ ವಾಟಿಕೆಯೇ ಇದು. ಅಂದರೆ ವೇಶ್ಯಾವಾಟಿಕೆ ಒಂದು ಸ್ಥಳ. ಕೆಲಸಕ್ಕೆ ‘ವೇಶ್ಯಾವೃತ್ತಿ’ ಎಂಬ ಬೇರೆ ಪದವಿತ್ತು. ಈಗ ಪತ್ರಿಕೆಯವರು, ಪೊಲೀಸರು, ನಮ್ಮ ವಕೀಲರೂ ಸೇರಿ ಕೆಲಸಕ್ಕೂ ‘ವೇಶ್ಯಾವಾಟಿಕೆ’ ಎನ್ನುತ್ತಾರೆ. ಮತ್ತೆ ಸ್ಥಳ ಹೇಳಬೇಕಾದಾಗ ‘ವೇಶ್ಯಾವಾಟಿಕೆ ಅಡ್ಡೆ’, ನಡುಮಧ್ಯದ ಹಾಗೆ.

ಇದು ಬರೀ ಪಂಡಿತರ ಗೊಣಗಾಟವಲ್ಲ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ ನಿಂತಿರುವುದೇ ಈ ವ್ಯತ್ಯಾಸದ ಮೇಲೆ. ಸೆಕ್ಷನ್ 3 ಅಂಥ ಮನೆ ನಡೆಸುವವರನ್ನು ಹಿಡಿಯುತ್ತದೆ, ಸೆಕ್ಷನ್ 5 ಈ ಕೆಲಸಕ್ಕೆ ಜನರನ್ನು ಹೊಂದಿಸಿ ತರುವವರನ್ನು. ವಯಸ್ಕ ಹೆಂಗಸೊಬ್ಬಳು ತನ್ನ ಇಚ್ಛೆಯಿಂದ ಮಾಡುವ ಕೆಲಸ ಅಷ್ಟರಿಂದಲೇ ಅಪರಾಧವೆಂದು ಅದರಲ್ಲಿ ಎಲ್ಲಿಯೂ ಇಲ್ಲ. ಸಾರ್ವಜನಿಕ ಸ್ಥಳದ 200 ಮೀಟರ್ ಒಳಗಿದ್ದರೆ ಸೆಕ್ಷನ್ 7, ದಾರಿಯಲ್ಲಿ ಗಿರಾಕಿ ಕರೆದರೆ ಸೆಕ್ಷನ್ 8, ಹೀಗೆ ಅವಳನ್ನು ಸುತ್ತಿಕೊಂಡು ಬರುವ ದಾರಿಗಳಿವೆ ನಿಜ. ಅವಳ ಸಂಪಾದನೆಯಲ್ಲಿ ಬದುಕುವ, 18 ದಾಟಿದ ಮಕ್ಕಳೂ ಸೆಕ್ಷನ್ 4ರ ಅಕ್ಷರಾರ್ಥದಲ್ಲಿ ಸಿಕ್ಕಿಕೊಳ್ಳಬಹುದು. ಆದರೂ ಸ್ಥಳ ಬೇರೆ, ಕೆಲಸ ಬೇರೆ. ಕನ್ನಡದ ಒಂದೇ ಪದ ಎರಡನ್ನೂ ನುಂಗಿ ಕುಳಿತಿರುವುದರಿಂದ, ‘ವೇಶ್ಯಾವಾಟಿಕೆ ಅಪರಾಧ’ ಎಂಬ ಸರಿಯಾದ ವಾಕ್ಯ ಕೇಳುವವರ ಕಿವಿಯಲ್ಲಿ ತಪ್ಪು ವಾಕ್ಯವಾಗುತ್ತದೆ. ಮೇಡಂ, ನಿಮ್ಮ ಕೈಪಿಡಿಯಲ್ಲಿ ಈ ಪದವನ್ನು ಸ್ಥಳಕ್ಕೆ ಮಾತ್ರ ಬಳಸಿ. ಇದೊಂದನ್ನು ನಡೆಸಿಕೊಡಿ.

ಇನ್ನೊಂದು ಮಾತು. 1986ರ ತಿದ್ದುಪಡಿಯಲ್ಲಿ ‘ಹೆಂಗಸರು ಮತ್ತು ಹುಡುಗಿಯರು’ ಹೋಗಿ ‘ವ್ಯಕ್ತಿಗಳು’ ಬಂದಿದೆ. ‘ಕಾರ್ಯಕರ್ತೆಯರು’ ಎಂದರೆ ಗಂಡಸರೂ ಲಿಂಗತ್ವ ಅಲ್ಪಸಂಖ್ಯಾತರೂ ಹೊರಗೆ ನಿಲ್ಲುತ್ತಾರೆ.

ಅಚ್ಚಗನ್ನಡಿಗ:

ವಾಟಿಕೆ, ವೃತ್ತಿ, ವ್ಯಕ್ತಿ! ಸಂಸ್ಕೃತದ ಒಂದು ಪದವನ್ನು ಇನ್ನೊಂದರಿಂದ ತಿದ್ದಲು ಇಷ್ಟುದ್ದದ ಬರಹ. ಕನ್ನಡದ್ದೇ ಪದ ಇಟ್ಟುಕೊಂಡಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ.

ಕರಿಕೋಟು:

ಕಾಯ್ದೆ, ವಕೀಲ, ಜಾಮೀನು, ದಸ್ತಗಿರಿ, ಕಚೇರಿ. ಇವುಗಳಲ್ಲಿ ಕನ್ನಡದ್ದು ಯಾವುದು ಸ್ವಾಮಿ? ಇವನ್ನೆಲ್ಲ ಬಿಟ್ಟು ಒಬ್ಬಳನ್ನು ಠಾಣೆಯಿಂದ ಬಿಡಿಸಿಕೊಂಡು ಬನ್ನಿ, ಕಾದಿರುತ್ತೇನೆ.

ನಿರ್ವಾಹಕರು:

ಎರವಲು ಪದಗಳ ಜಗಳಕ್ಕೆ ಬೇರೆ ಎಳೆ ತೆರೆಯಿರಿ. ಕೇಳಿದವರಿಗೆ ನಾಳೆ ಮಧ್ಯಾಹ್ನದ ಗಡುವಿದೆ.

ಹಳೆಯ ಸದಸ್ಯೆ:

ನಾನು ಹಲವು ವರ್ಷ ಈ ಹೆಂಗಸರ ಸಂಘಗಳ ಜೊತೆ ಓಡಾಡಿದವಳು. ನೀವು ಯಾರೂ ಕೇಳದ ಪ್ರಶ್ನೆ: ಅವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೆ? ಕೆಲಸಕ್ಕೆ ಅವರ ಬಾಯಲ್ಲಿರುವುದು ‘ದಂಧೆ’. ಗಡಿಯಾಚೆ ಸಾಂಗ್ಲಿಯ ಸಂಘದವರು ‘ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್’ ಎಂದೇ ಹೆಸರಿಟ್ಟುಕೊಂಡಿದ್ದಾರೆ. ಅವರಲ್ಲಿ ಕನ್ನಡ ಮಾತನಾಡುವವರೂ ಇದ್ದಾರೆ. ಅನುವಾದಕಿ ‘ಹಾಕಲಾರೆ’ ಎಂದ ಪದವನ್ನು ಅವರು ತಲೆಯ ಮೇಲೆ ಹೊತ್ತಿದ್ದಾರೆ. ಆದರೆ ಅದು ಅವರು ಹೇಳಿಕೊಳ್ಳುವ ಮಾತು. ಇನ್ನೊಬ್ಬರು ಬ್ಯಾನರಿನಲ್ಲಿ ಬರೆದರೆ ಅದೇ ಪದ ಬೈಗುಳ.

‘ದಮನಿತ’ ಎಂಬುದು ಕರ್ಮಣಿ. ದಮನ ಮಾಡಿದ ಕರ್ತೃ ಎಲ್ಲಿ? ಅವನನ್ನು ಮರೆಮಾಚಲೆಂದೇ ಹುಟ್ಟಿದ ಪದದಂತಿದೆ. ಸರ್ಕಾರಿ ಸಾಲದ ಅರ್ಜಿಗೆ ಬೇಕಾಗುತ್ತದೆ, ಅಲ್ಲಿ ಬಳಸಿ. ‘ಕಾರ್ಯಕರ್ತೆ’ಯ ಕಥೆ ಇನ್ನೂ ಚೆನ್ನಾಗಿದೆ. ಅಂಗನವಾಡಿಯವರೂ ಆಶಾದವರೂ ಕಾರ್ಯಕರ್ತೆಯರು, ಅವರಿಗೆ ಸಂಬಳವಿಲ್ಲ, ಗೌರವಧನ. ಕಾರ್ಮಿಕೆ ಎಂದರೆ ಕೂಲಿ, ಪಿಂಚಣಿ, ಸಂಘ ಎಲ್ಲವೂ ಹಿಂದೆಯೇ ಬರುತ್ತವೆ. ವರ್ಕರ್ ಎಂಬ ಪದ ಹೆಣ್ಣಿಗೆ ಅಂಟಿದ ಕೂಡಲೇ ಕನ್ನಡದಲ್ಲಿ ಕಾರ್ಯಕರ್ತೆಯಾಗಿಬಿಡುವುದು ಹೇಗೆ ಎಂದು ಯಾರಾದರೂ ಪ್ರಬಂಧ ಬರೆಯಿರಿ. ಕೈಪಿಡಿಯಲ್ಲಿ ನಾನಾದರೆ ‘ಲೈಂಗಿಕ ಕಾರ್ಮಿಕರು’ ಎಂದು ಹಾಕುತ್ತೇನೆ. ಲಿಂಗಭೇದದ ಗೊಡವೆಯೂ ಇಲ್ಲ.

ಒಂದೇ ಪದ ಎಲ್ಲರಿಗೂ ಒಪ್ಪಿಗೆಯಾಗುತ್ತದೆಂಬ ಆಸೆ ಬಿಡಿ. ಸುಪ್ರೀಂ ಕೋರ್ಟ್ 2023ರ ಆಗಸ್ಟಿನಲ್ಲಿ ಲಿಂಗ ಪೂರ್ವಗ್ರಹಗಳ ಕುರಿತ ಕೈಪಿಡಿಯಲ್ಲಿ ಹಳೆಯ ಪದವನ್ನು ತೆಗೆದು ‘ಸೆಕ್ಸ್ ವರ್ಕರ್’ ಎಂದು ಬರೆಯಲು ಹೇಳಿತು. ಕಳ್ಳಸಾಗಣೆಯ ವಿರುದ್ಧ ಕೆಲಸ ಮಾಡುವವರು ಆಕ್ಷೇಪಿಸಿದರು, ಅದೇ ವರ್ಷ ಆ ಜಾಗದ ಮಾತು ಬದಲಾಯಿತು. ಬಲವಂತಕ್ಕೆ ಸಿಕ್ಕವಳನ್ನೂ ಕೆಲಸವೆಂದು ಮಾಡುವವಳನ್ನೂ ಒಂದೇ ಹೆಸರಿನಿಂದ ಕರೆಯಲಾಗದು ಎಂಬುದು ಅವರ ತಕರಾರು. ಸುಳ್ಳಲ್ಲ.

ಈಗ ‘ಪುನರ್ವಸತಿ’. ಬಾಗಲಕೋಟೆ ಎಂದಿರಿ. ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ಜಿಲ್ಲೆ ಅದು. ಅಲ್ಲಿ ಪುನರ್ವಸತಿ ಎಂದರೆ ಮುಳುಗಡೆ, ಪರಿಹಾರ, ನಿವೇಶನ. ನಿಮ್ಮ ಬ್ಯಾನರ್ ನೋಡಿ ರೈತರು ಹಕ್ಕುಪತ್ರ ಹಿಡಿದುಕೊಂಡು ಬಂದರೆ ಅವರನ್ನು ದೂರಬೇಡಿ. ಈ ಹೆಂಗಸರಿಗಂತೂ ಆ ಪದ ಕೇಳಿದರೆ ಎದೆ ನಡುಗುತ್ತದೆ. ಕಾಯ್ದೆಯ ಸೆಕ್ಷನ್ 17ರ ಪ್ರಕಾರ ದಾಳಿಯಲ್ಲಿ ಸಿಕ್ಕವಳನ್ನು ಒಂದರಿಂದ ಮೂರು ವರ್ಷ ರಕ್ಷಣಾ ಗೃಹದಲ್ಲಿ ಇರಿಸುವ ಆದೇಶ ಆಗಬಹುದು. ಮನೆಯಿದ್ದವಳನ್ನು ಮನೆಯಿಂದ ತಂದು ಇನ್ನೊಂದು ಮನೆಯಲ್ಲಿ ಕೂಡಿಹಾಕುವುದು ‘ಮರಳಿ ವಸತಿ’ ಹೇಗಾದೀತು? ಸುಪ್ರೀಂ ಕೋರ್ಟ್ 2011ರಲ್ಲಿ ನೇಮಿಸಿದ ಸಮಿತಿಗೆ ಒಪ್ಪಿಸಿದ ಕೆಲಸದಲ್ಲಿಯೂ ಇದು ‘ಬಿಡಲು ಬಯಸುವವರಿಗೆ’ ಮಾತ್ರ. ಮುಂದುವರಿಯುವವರಿಗೆ ಘನತೆಯ ಬದುಕು ಎಂಬುದು ಅಲ್ಲಿ ಬೇರೆಯೇ ಅಂಶ. ನಿಮ್ಮ ಸಾಲಿನಲ್ಲಿ ಆ ‘ಬಯಸುವ’ ಎಲ್ಲಿದೆ?

ಶಾಸನಪ್ರಿಯ:

ಒಂದು ಸಣ್ಣ ಸೇರ್ಪಡೆ. ‘ವೇಶ್ಯಾ’ ಕೂಡ ‘ವೇಶ’ದಿಂದ, ಅಂದರೆ ಮನೆ, ಒಳಹೊಗುವ ಜಾಗ. ವೇಶ, ವಾಟಿಕೆ, ವಸತಿ. ಮೂರೂ ಪದಗಳು ಅವಳನ್ನು ಇರಿಸುವ ಜಾಗದ ಬಗೆಗೇ ಮಾತನಾಡುತ್ತವೆ.

ಅನುವಾದಕಿ:

ಇದೆಲ್ಲ ಕೈಪಿಡಿಗೆ ಸಿಕ್ಕಿತು, ಆದರೆ ಬ್ಯಾನರಿಗೆ ಏನು ಮಾಡಲಿ? ರಾತ್ರಿ ಹತ್ತಾಯಿತು.

ಹಳೆಯ ಸದಸ್ಯೆ:

ಬ್ಯಾನರಿನಲ್ಲಿ ಆ ಪದವೇ ಬೇಡ ತಂಗಿ. ಬಸ್ ನಿಲ್ದಾಣದ ಎದುರು ‘ಲೈಂಗಿಕ ಕಾರ್ಮಿಕರ ಶಿಬಿರ’ ಎಂದು ಕಟ್ಟಿದರೆ, ಆ ಬಾಗಿಲಿನಿಂದ ಒಳಗೆ ಹೋದವಳನ್ನು ಇಡೀ ಊರು ನೋಡುತ್ತದೆ. ಸುಪ್ರೀಂ ಕೋರ್ಟಿನ 2022ರ ಮೇ 19ರ ಆದೇಶದಲ್ಲಿ ಇವರ ಗುರುತು ಹೊರಗೆಡಹಬಾರದೆಂದು ಮಾಧ್ಯಮದವರಿಗೆ ಹೇಳಿದೆ. ಪತ್ರಿಕೆ ಮಾಡಬಾರದ್ದನ್ನು ನಮ್ಮ ಬಟ್ಟೆ ಮಾಡಬಹುದೇ? ಬರುವವರಿಗೆ ಸುದ್ದಿ ಸಂಘದವರ ಬಾಯಿಂದ ಮುಟ್ಟುತ್ತದೆ. ಹೊರಗೆ ಬರೀ ‘ಮಹಿಳೆಯರಿಗಾಗಿ’ ಎಂದರೂ ಸಾಕು ಎನ್ನುತ್ತಿದ್ದೆ, ಆದರೆ ವಕೀಲರು ಹೇಳಿದಂತೆ ಮಹಿಳೆಯರಲ್ಲದವರೂ ಬರುತ್ತಾರೆ. ಅದನ್ನೂ ಬಿಡಿ. ಕೊಡುವುದೇನೆಂದು ಬರೆಯಿರಿ, ಯಾರಿಗೆಂದು ಬೇಡ.

ಕರಿಕೋಟು:

ಸರಿಯಾದ ಮಾತು. ಬ್ಯಾನರಿನಲ್ಲಿ ಆಧಾರ್ ಬಗ್ಗೆ ಒಂದು ಸಾಲು ಬರೆಯಲು ಮರೆಯಬೇಡಿ. ವಿಳಾಸದ ದಾಖಲೆ ಇಲ್ಲದಿದ್ದರೂ ಆರೋಗ್ಯ ಇಲಾಖೆಯ ನಿಗದಿತ ಅಧಿಕಾರಿಯ ಪ್ರಮಾಣಪತ್ರದ ಮೇಲೆ ಆಧಾರ್ ಕೊಡುವ ವ್ಯವಸ್ಥೆ ಅದೇ ಆದೇಶದಲ್ಲಿದೆ. ಕಾಂಡೋಮ್ ಸಿಕ್ಕಿತೆಂಬುದನ್ನು ಅಪರಾಧದ ಸಾಕ್ಷ್ಯವಾಗಿ ಬಳಸಬಾರದು ಎಂಬುದೂ ಇದೆ. ಅದನ್ನು ಕೈಪಿಡಿಯ ಮೊದಲ ಪುಟದಲ್ಲಿಯೇ ಹಾಕಿ. ಬ್ಯಾನರಿನಲ್ಲಿ ಬೇಡ.

ಅನುವಾದಕಿ:

ಬೆಳಗ್ಗೆ ಕಳುಹಿಸಿದ್ದು ಹೀಗೆ: ‘ಉಚಿತ ಕಾನೂನು ನೆರವು. ಆಧಾರ್, ಪಡಿತರ ಚೀಟಿ, ಮತದಾರರ ಚೀಟಿ ಮಾಡಿಸಲು ಸಹಾಯ. ಹೆಸರು ಕೇಳುವುದಿಲ್ಲ. ಒಳಗೆ ಬನ್ನಿ.’ ಸಂಘಟಕರಿಗೆ ಮೊದಲು ಒಪ್ಪಿಗೆಯಿರಲಿಲ್ಲ, ವರದಿಗೆ ಹಾಕುವ ಫೋಟೊದಲ್ಲಿ ಶಿಬಿರದ ವಿಷಯ ಕಾಣಬೇಕಂತೆ. ವೇದಿಕೆಯ ಹಿಂದೆ, ಒಳಗಡೆ, ಇನ್ನೊಂದು ಬಟ್ಟೆ ಕಟ್ಟಿಕೊಳ್ಳಿ ಎಂದೆ. ಅದಕ್ಕೆ ‘ಲೈಂಗಿಕ ಕಾರ್ಮಿಕರ ಹಕ್ಕುಗಳು ಮತ್ತು ಬಯಸಿದವರಿಗೆ ಬೇರೆ ಜೀವನೋಪಾಯ’ ಎಂದು ಕೊಟ್ಟಿದ್ದೇನೆ. ಪುನರ್ವಸತಿ ಹೋಯಿತು. ಎಲ್ಲರಿಗೂ ಧನ್ಯವಾದ.

ಅಚ್ಚಗನ್ನಡಿಗ:

‘ಉಚಿತ’ದ ಬದಲು ‘ಬಿಟ್ಟಿ’ ಎನ್ನಬಹುದಿತ್ತು. ‘ಒಳಗೆ ಬನ್ನಿ’ ಚೆನ್ನಾಗಿದೆ.