ಸಹಾಯ ಬೇಕು: ಬೆಟ್ಟದ ಊರು, ಪುಸ್ತಕ, ಹಳೇ ಕಾಲ – ಇಂಥ ಕಾದಂಬರಿ ಕನ್ನಡದಲ್ಲಿ ಇದೆಯಾ?

ಎಲ್ಲರಿಗೂ ನಮಸ್ಕಾರ. ನಮ್ಮತ್ತೆಗೆ ಓದೋಕೆ ಒಂದು ಪುಸ್ತಕ ಹುಡುಕ್ತಿದ್ದೀನಿ, ದಾರಿ ಕಾಣ್ತಿಲ್ಲ. ಅವರು ತೀರ್ಥಹಳ್ಳಿ ಕಡೆಯವರು, ಈಗ ಬಸವನಗುಡಿಯಲ್ಲಿ ನಮ್ಮ ಜೊತೆಗಿದ್ದಾರೆ. ಕನ್ನಡ ಮಾತ್ರ ಓದ್ತಾರೆ.

ಅಮೆರಿಕದ ಕೆಂಟಕಿ ಬೆಟ್ಟಗಳ ಕುದುರೆ ಲೈಬ್ರರಿ ಬಗ್ಗೆ ನಾನು ಓದಿದ ಕಾದಂಬರಿಯನ್ನ ಅವರಿಗೆ ದಿನಾ ಸ್ವಲ್ಪ ಸ್ವಲ್ಪ ಹೇಳಿದೆ. ಆ ಲೈಬ್ರರಿ ನಿಜವಾಗಿ ಇದ್ದಿದ್ದೇ. 1935ರಿಂದ 1943ರವರೆಗೆ, ಸರ್ಕಾರದ ಉದ್ಯೋಗ ಯೋಜನೆಯಲ್ಲಿ, ಹೆಂಗಸರು ಕುದುರೆ, ಹೇಸರಗತ್ತೆ ಮೇಲೆ ಪುಸ್ತಕ ಹೇರಿಕೊಂಡು ಹಳ್ಳ ದಾಟಿ ಒಂಟಿ ಮನೆಗಳಿಗೆ ಹೋಗ್ತಿದ್ರು. ಸಂಬಳ ತಿಂಗಳಿಗೆ ಸುಮಾರು 28 ಡಾಲರ್. ಪುಸ್ತಕ ಸಾಲದೆ, ಹಳೇ ಪತ್ರಿಕೆಗಳಿಂದ ಅಡುಗೆ ವಿಧಾನ, ಕೌದಿ ವಿನ್ಯಾಸ ಕತ್ತರಿಸಿ ಅಂಟಿಸಿ ತಾವೇ ಪುಸ್ತಕ ಮಾಡ್ತಿದ್ರು. ಕೌದಿ ಭಾಗ ಅತ್ತೆ ಮತ್ತೆ ಮತ್ತೆ ಹೇಳಿಸಿಕೊಂಡ್ರು! ಬಡತನ, ಹಸಿವು ಅದರಲ್ಲೂ ಇದೆ. ಆದರೂ ಯಾರೋ ಒಬ್ಬರು ಪುಸ್ತಕ ಹಿಡ್ಕೊಂಡು ಬಾಗಿಲಿಗೆ ಬರ್ತಾರಲ್ಲ, ಅದೇ ಮನಸ್ಸಿಗೆ ಹಿತ.

ಅವೆನ್ಯೂ ರೋಡಿನ ಹಳೇ ಪುಸ್ತಕದಂಗಡಿ, ಕಬ್ಬನ್ ಪಾರ್ಕ್ ಲೈಬ್ರರಿ ಎಲ್ಲ ಸುತ್ತಿದೆ. ಐತಿಹಾಸಿಕ ಕಾದಂಬರಿ ಅಂದ್ರೆ ರಾಜರು, ಯುದ್ಧ ತೋರಿಸ್ತಾರೆ. ಮಲೆನಾಡು ಅಂದ್ರೆ ಅತ್ತೆ ಎಂದೋ ಓದಿ ಮುಗಿಸಿದ ದೊಡ್ಡ ಕಾದಂಬರಿಗಳೇ ಬರ್ತವೆ. ಏನಂತ ಕೇಳಿದ್ರೆ ಇಂಥದ್ದು ಸಿಗುತ್ತೆ ಅನ್ನೋದೇ ತಿಳೀತಿಲ್ಲ. ಅಕ್ಷರ ಸ್ವಲ್ಪ ದಪ್ಪ ಇದ್ರೆ ಅವರ ಕಣ್ಣಿಗೂ ಅನುಕೂಲ.

ಮಲೆನಾಡು, ಕೊಡಗು ಅಥವಾ ಹಿಮಾಲಯದ ಊರಲ್ಲಿ, 1950ಕ್ಕೆ ಮುಂಚೆ ನಡೆಯೋ, ಶಾಲೆ ಮೇಷ್ಟ್ರು, ವಾಚನಾಲಯ ಅಥವಾ ಓದು ಕಲಿಯೋ ಜನರ ಸುತ್ತ ಇರೋ ಕಾದಂಬರಿ, ಅನುವಾದ ಆದ್ರೂ ಸರಿ, ಯಾವುದಿದೆ? ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ?