‘ಜಾಡುಕಾರಕ’, ‘ಅಂತರ್ಜಲ ವಿಸರ್ಜನೆ’, ‘ಅಂತ್ಯಸದಸ್ಯ’: ಇವು ಒಪ್ಪುತ್ತವೆಯೇ?

ಪ್ರಶ್ನೆ: ಕಡಲತಳದಿಂದ ಹೊರಬರುವ ನೀರನ್ನು ರೇಡಾನ್, ರೇಡಿಯಂ ಎಂಬ ವಿಕಿರಣಶೀಲ ಧಾತುಗಳಿಂದ ಅಳೆಯುವ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಸಬ್‌ಮರೀನ್ ಗ್ರೌಂಡ್‌ವಾಟರ್ ಡಿಸ್ಚಾರ್ಜ್‌ಗೆ ‘ಸಾಗರತಳ ಅಂತರ್ಜಲ ವಿಸರ್ಜನೆ’, ಟ್ರೇಸರ್‌ಗೆ ‘ಜಾಡುಕಾರಕ’, ಎಂಡ್‌ಮೆಂಬರ್‌ಗೆ ‘ಅಂತ್ಯಸದಸ್ಯ’ ಎಂದು ಹಾಕಲಾಗಿದೆ. ಮೂರೂ ಕಿವಿಗೆ ಹಿತವಾಗಿಲ್ಲ. ಬೇರೆ ಏನಿದೆ?

ಉತ್ತರ: ‘ವಿಸರ್ಜನೆ’ ಎಂದ ಕೂಡಲೇ ಸಭೆಯೋ ಮಲಮೂತ್ರವೋ ನೆನಪಾಗುತ್ತದೆ. ಅದಿರಲಿ, ಅರ್ಥವೂ ಹೊಂದುವುದಿಲ್ಲ. ನದಿಗೆ ಅಳಿವೆ ಇರುವಂತೆ ಈ ನೀರಿಗೆ ಒಂದು ಬಾಯಿಲ್ಲ. ಮರಳಿನ ಉದ್ದಗಲಕ್ಕೂ ತೆಳುವಾಗಿ ಮೇಲೇಳುತ್ತದೆ. ಮಡಕೆ ಒಸರುತ್ತದೆ, ಗೋಡೆ ಒಸರುತ್ತದೆ ಎನ್ನುತ್ತೇವಲ್ಲ, ಇದೂ ಅದೇ. ‘ಕಡಲಡಿಯ ಒಸರು’ ಸಾಕು. ಸುಣ್ಣಕಲ್ಲಿನ ಬಿರುಕಿನಿಂದ ಒಂದೇ ಕಡೆ ಚಿಮ್ಮಿದರೆ ಅದು ‘ಊಟೆ’. ಎರಡನ್ನೂ ಬೆರೆಸಬಾರದು.

ಹೆಚ್ಚು ತೊಂದರೆ ಕೊಡುವುದು ‘ಅಂತರ್ಜಲ’. ಓದುಗರು ಅದನ್ನು ಸಿಹಿನೀರು ಎಂದುಕೊಳ್ಳುತ್ತಾರೆ. ಈ ಶಾಸ್ತ್ರದಲ್ಲಿ ತಳದಿಂದ ಕಡಲಿಗೆ ಬರುವ ನೀರೆಲ್ಲವೂ ಲೆಕ್ಕಕ್ಕೆ ಬರುತ್ತದೆ. ಅಲೆ ಮತ್ತು ಉಬ್ಬರ ಮರಳೊಳಕ್ಕೆ ತಳ್ಳಿ ಮತ್ತೆ ಹೊರಬಂದ ಕಡಲನೀರೂ ಅದರಲ್ಲಿ ಸೇರಿದೆ. ಸಿಹಿನೀರಿನಲ್ಲಿ ರೇಡಿಯಂ ಮಣ್ಣಿನ ಕಣಕ್ಕೆ ಅಂಟಿಕೊಂಡಿರುತ್ತದೆ; ಉಪ್ಪುನೀರು ಬಂದಾಗ ಅದರ ಅಯಾನುಗಳು ಆ ಜಾಗ ಹಿಡಿದು ರೇಡಿಯಂ ಅನ್ನು ಬಿಡಿಸುತ್ತವೆ. ಹಾಗಾಗಿ ರೇಡಿಯಂ ಹೇಳುವುದು ಮುಖ್ಯವಾಗಿ ಉಪ್ಪು ಬೆರೆತ ನೀರಿನ ಕತೆ. ರೇಡಾನ್ ಜಡಾನಿಲ, ಅದಕ್ಕೆ ಸಿಹಿನೀರೂ ಒಂದೇ, ಉಪ್ಪುನೀರೂ ಒಂದೇ. 1996ರಲ್ಲಿ ವಿಜ್ಞಾನಿ ವಿಲ್ಲರ್ಡ್ ಮೂರ್ ಅಮೆರಿಕದ ಆಗ್ನೇಯ ಕರಾವಳಿಯ ಒಸರು ಅಲ್ಲಿನ ನದಿಗಳ ಹರಿವಿನ ಸುಮಾರು 40% ಎಂದು ರೇಡಿಯಂ-226ರಿಂದ (ಸಂಖ್ಯೆ ಹೇಳುವುದು ಯಾವ ಐಸೊಟೋಪ್, ಅಂದರೆ ಯಾವ ತೂಕದ ರೂಪ ಎಂಬುದನ್ನು) ಲೆಕ್ಕ ಹಾಕಿದರು. ಅದನ್ನು ಕುಡಿಯುವ ನೀರಿನ ನಷ್ಟ ಎಂದು ಓದಿಕೊಂಡರೆ ತಪ್ಪಾಗುತ್ತದೆ. ಅನುವಾದದಲ್ಲಿ ಮೊದಲ ಸಲ ಬಂದಾಗಲೇ ‘ಸಿಹಿ, ಉಪ್ಪು ಎರಡೂ ಸೇರಿದ ನೆಲದೊಳಗಿನ ನೀರು’ ಎಂದು ಬಿಡಿಸಿ ಹೇಳಿ.

‘ಜಾಡುಕಾರಕ’ದ ‘ಕಾರಕ’ ಯಾರೋ ತಂದು ಸುರಿದಂತೆ ಕೇಳಿಸುತ್ತದೆ. ಬಣ್ಣ ಸುರಿದು ನೋಡುವ ಪ್ರಯೋಗಕ್ಕೆ ಅದು ನಡೆದೀತು. ಇಲ್ಲಿ ಕಲ್ಲು, ಮಣ್ಣಿನಲ್ಲಿರುವ ಯುರೇನಿಯಂ, ಥೋರಿಯಂಗಳೇ ರೇಡಾನ್, ರೇಡಿಯಂಗಳನ್ನು ಹುಟ್ಟಿಸುತ್ತವೆ. ‘ಕುರುಹು’ ಎನ್ನಿ: ಬಣ್ಣ ಇಟ್ಟ ಕುರುಹು, ರೇಡಾನ್ ಇದ್ದ ಕುರುಹು. ‘ಅರ್ಧಾಯು’ (ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ) ಈಗಾಗಲೇ ಬಳಕೆಯಲ್ಲಿದೆ, ಅದನ್ನು ಮುಟ್ಟಬೇಡಿ. ಆದರೆ ಬರೀ ‘ರೇಡಿಯಂ’ ಎಂದು ಎಲ್ಲೂ ಬರೆಯಬೇಡಿ. 224ರ ಅರ್ಧಾಯು 3.66 ದಿನ, 223ರದು 11.4 ದಿನ, 228ರದು 5.75 ವರ್ಷ, 226ರದು 1600 ವರ್ಷ. ದಡದ ಪಕ್ಕದ ನೀರಿಗೆ ಮೊದಲೆರಡು, ವಿಶಾಲ ಕಡಲಿಗೆ ಕೊನೆಯವು. ಸಂಖ್ಯೆ ಬಿಟ್ಟರೆ ವಾಕ್ಯವೇ ಸುಳ್ಳಾಗುತ್ತದೆ.

ನೀವು ಕೇಳದಿದ್ದರೂ ಒಂದು ಮಾತು. ‘ಎಕ್ಸೆಸ್ ರೇಡಾನ್’ ಎಂಬುದನ್ನು ‘ಅತಿಯಾದ ರೇಡಾನ್’ ಎಂದು ಮಾಡಿದ್ದರೆ ತಕ್ಷಣ ಅಳಿಸಿ, ಜನ ಹೆದರುತ್ತಾರೆ. ಅದೇ ನೀರಿನಲ್ಲಿ ಕರಗಿರುವ ರೇಡಿಯಂ-226 ಹುಟ್ಟಿಸುವಷ್ಟನ್ನು ಕಳೆದು ಉಳಿದದ್ದು ಅದು. ‘ಮಿಗಿಲು ರೇಡಾನ್’ ಅಥವಾ ‘ಹೆಚ್ಚುವರಿ ರೇಡಾನ್’ ಆಗಬಹುದು.

ಇನ್ನೊಂದು ಬಲೆ ‘ಒಣಗಿಸು’. ರೇಡಿಯಂ ಹಿಡಿಯಲು ಮ್ಯಾಂಗನೀಸ್ ಡೈಆಕ್ಸೈಡ್ ಲೇಪಿಸಿದ ಕಪ್ಪು ಅಕ್ರಿಲಿಕ್ ನಾರಿನ ಮೂಲಕ ನೂರು ಲೀಟರಿನಷ್ಟು ನೀರನ್ನು ನಿಮಿಷಕ್ಕೆ ಒಂದು ಲೀಟರ್ ಮೀರದಂತೆ ಹಾಯಿಸುತ್ತಾರೆ. ಆಮೇಲೆ ರೇಡಿಯಂ ಇಲ್ಲದ ಸಿಹಿನೀರಿನಿಂದ ಉಪ್ಪು ತೊಳೆದು, ಹಿಂಡಿ, ವಿಕಿರಣ ಎಣಿಸುವ ಯಂತ್ರಕ್ಕೆ ಹಾಕುತ್ತಾರೆ. ಅಲ್ಲಿ ಎಣಿಸುವುದು ರೇಡಿಯಂ-224ರಿಂದ ಹುಟ್ಟುವ ರೇಡಾನ್-220ರ ಮೂಲಕ. ಅದರ ಅರ್ಧಾಯು 56 ಸೆಕೆಂಡಿಗಿಂತ ತುಸು ಕಡಿಮೆ. ನಾರು ತೀರ ಒದ್ದೆಯಾಗಿದ್ದರೆ ಅನಿಲ ನೀರಿನ ಪೊರೆ ದಾಟುವ ಮೊದಲೇ ಕ್ಷಯಿಸುತ್ತದೆ. ಪೂರ್ತಿ ಒಣಗಿದ್ದರೆ ನಾರಿನೊಳಗೇ ಸಿಕ್ಕಿಬೀಳುತ್ತದೆ. ಎರಡರಲ್ಲೂ ಎಣಿಕೆ ಕಡಿಮೆ. ‘ಒಣಗಿಸಿ’ ಎಂದು ಓದಿದವರು ನಾರನ್ನು ಓವನ್‌ಗೆ ಹಾಕುತ್ತಾರೆ. ‘ತೇವ ಉಳಿಯುವಂತೆ ಆರಿಸಿ’ ಎಂದು ಬರೆದು, ನಾರಿನ ತೂಕಕ್ಕೆ ಸಮ ಅಥವಾ ತುಸು ಕಡಿಮೆ ತೂಕದ ನೀರು ಉಳಿಯಲಿ ಎಂದು ಸೇರಿಸಿ.

‘ಅಂತ್ಯಸದಸ್ಯ’ ಸಭೆಯ ಹಾಜರಿಪಟ್ಟಿಯಲ್ಲಿರಲಿ. ಬೆರಕೆಗೆ ಬರುವ ಮುಂಚಿನ ನೀರು ಅದು, ‘ಮೂಲನೀರು’ ಎನ್ನಬಹುದು. ಕಡಲಿಗೆ ಬಂದ ರೇಡಾನನ್ನು ಮೂಲನೀರಿನ ರೇಡಾನ್ ಸಾಂದ್ರತೆಯಿಂದ ಭಾಗಿಸಿದರೆ ಒಸರು ಸಿಗುತ್ತದೆ. ಬಾವಿಯಿಂದ ಬಾವಿಗೆ ಸಾಂದ್ರತೆ ಹತ್ತು ಪಟ್ಟು ಬೇರೆಯಾದರೆ ಉತ್ತರವೂ ಹತ್ತು ಪಟ್ಟು ಅಲುಗುತ್ತದೆ. ಬಾವಿಯಲ್ಲಿ ನಿಂತ ನೀರು ರೇಡಾನ್ ಕಳೆದುಕೊಂಡಿರುತ್ತದೆ, ಅದನ್ನು ಮೊದಲು ಎತ್ತಿ ಚೆಲ್ಲಬೇಕು. ಸೀಸೆಯ ತಳದವರೆಗೆ ಕೊಳವೆ ಇಳಿಸಿ, ಉಕ್ಕಿ ಹರಿಯುವಂತೆ ತುಂಬಿ, ಗುಳ್ಳೆ ಉಳಿಯದಂತೆ ಮುಚ್ಚಬೇಕು. ಒಂದು ಗುಳ್ಳೆ ಸಾಕು, ರೇಡಾನ್ ಅದಕ್ಕೆ ನುಗ್ಗಲು: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿಗಿಂತ ಗಾಳಿಯಲ್ಲಿ ಅದರ ಸಾಂದ್ರತೆ ಸುಮಾರು ನಾಲ್ಕು ಪಟ್ಟು.

ಮರುಪ್ರಶ್ನೆ: ‘ಒಸರು’ ಒಪ್ಪಿಗೆ. ಫಲಿತಾಂಶ ‘ದಿನಕ್ಕೆ 10 ಸೆಂಟಿಮೀಟರ್’ ಎಂದಿದೆ. ‘ಒಸರುವೇಗ’ ಎನ್ನಬಹುದೇ?

ಉತ್ತರ: ಬೇಡ. ಚದರ ಮೀಟರಿಗೆ ದಿನಕ್ಕೆ 100 ಲೀಟರ್ ಎಂಬುದನ್ನೇ ಆ ಏಕಮಾನ ಮೊಟಕಾಗಿ ಹೇಳುತ್ತಿದೆ. ಮರಳಿನ ಸಂದುಗಳಲ್ಲಿ ನೀರು ನಿಜವಾಗಿ ಓಡುವ ವೇಗ ಅದಕ್ಕಿಂತ ಹೆಚ್ಚು, ಏಕೆಂದರೆ ಕಣಗಳು ಜಾಗ ತಿಂದಿರುತ್ತವೆ. ‘ಒಸರಿನ ದರ’ ಎನ್ನಿ.